ಮೆಲ್ಬರ್ನ್ ರೈಲಿನಲ್ಲಿ ಡೊಂಬಿವಲಿಯ ಸೀಟು

ನನ್ನ ಅಜ್ಜ ಉಡುಪಿಯಿಂದ ಬಂದು ಕಲ್ಯಾಣ ಸ್ಟೇಷನ್ನಿನ ಎದುರು ಹೋಟೆಲು ಇಟ್ಟವರು. ಅವರ ಗಲ್ಲಾದ ಮುಂದೆ ಯಾರೂ ದನಿ ಏರಿಸಿದ್ದಿಲ್ಲ. ಅಪ್ಪ ಬೇಲಾಪುರದ ಸರಕಾರಿ ಕಚೇರಿಯಿಂದ ತಲೆಯೆತ್ತಿ ನಿವೃತ್ತರಾದರು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ ಥಾಣೆಯ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆದವಳು. ಮೂರು ತಲೆಮಾರಿನಲ್ಲಿ ನಮ್ಮ ಮನೆಯ ಮೇಲೆ ಒಂದು ಮಾತು ಬಂದಿರಲಿಲ್ಲ. ಈಗ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಬಂದಿದೆ. ನೆಟ್ಟಗೆ ನಡೆಯುವವರಿಗೇ ಇಂಥವು ಎದುರಾಗುತ್ತವೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

೧. ಖಾಲಿ ಡಬ್ಬಿ

ಹೋದ ವರ್ಷ ಆಸ್ಪತ್ರೆಯವರು ತರಬೇತಿಗೆಂದು ನನ್ನನ್ನು ಮೆಲ್ಬರ್ನಿಗೆ ಕಳಿಸಿದರು. ಮೊದಲ ದಿನ ರೈಲಿನಲ್ಲಿ ಎರಡು ಸ್ಟೇಷನ್ ಮುಂಚೆಯೇ ಎದ್ದು ಬಾಗಿಲಿಗೆ ಹೋದೆ. ನಮ್ಮ ಮುಂಬಯಿ ಲೋಕಲ್ ರೈಲಿನಲ್ಲಿ ಮುಂಬ್ರಾದಲ್ಲೇ ಸೀಟು ಬಿಟ್ಟು ಏಳದವರು ಡೊಂಬಿವಲಿಯಲ್ಲಿ ಇಳಿದ ಉದಾಹರಣೆ ಇಲ್ಲ. ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಭುಜ ತಟ್ಟಿ, "ಇಳಿಯುತ್ತೀಯಾ?" ಎಂದೆ.

"ಇಲ್ಲ."

"ಹಾಗಾದರೆ ಪಕ್ಕಕ್ಕೆ ಸರಿ. ಬೇಗ!"

ಅವಳು ತಿರುಗಿ ನೋಡಿದಳು. ಡಬ್ಬಿಯಲ್ಲಿ ನಾವಿಬ್ಬರೇ.

"ನಿಮ್ಮನ್ನು ಯಾರು ತಳ್ಳುತ್ತಿದ್ದಾರೆ?" ಎಂದು ಕೇಳಿದಳು.

೨. ವಿಘ್ನ

ಚೌತಿಯ ದಿನ ರಜೆ ಹಾಕಿದೆ. ಜೊತೆಗೆ ಯಾರೂ ಇಲ್ಲದಿದ್ದರೇನು, ನಮ್ಮಲ್ಲಿ ಹಬ್ಬ ತಪ್ಪಿದ್ದಿಲ್ಲ. ಪಂಚಕಜ್ಜಾಯ ಮಾಡಿ, ಗಣಪತಿಯ ಪಟಕ್ಕೆ ಕೈಮುಗಿದು, ಹೊರಗಿನ ಮೆಟ್ಟಿಲಿಗೆ ತೆಂಗಿನಕಾಯಿ ಒಡೆದೆ. ನಾನಿದ್ದ ಕಟ್ಟಡ ನೋಡಿಕೊಳ್ಳುವವನು ಓಡಿ ಬಂದ.

"ಏನದು ಸದ್ದು?"

"ತೆಂಗಿನಕಾಯಿ. ಅಡ್ಡಿ ಆತಂಕ ಬರಬಾರದೆಂದು ಒಡೆದೆ."

"ನಾನು ಬಂದೆನಲ್ಲ!"

ಪಂಚಕಜ್ಜಾಯ ಕೊಟ್ಟು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಡ್ಡಿ ಮತ್ತೆ ಬಂತು, ಬಟ್ಟಲು ಹಿಡಿದುಕೊಂಡು.

೩. ಎಲ್ಲಿ ಇಳಿಯುತ್ತೀರಿ?

ಮಧ್ಯಾಹ್ನ ದೇವಸ್ಥಾನಕ್ಕೆ ಹೊರಟೆ. ಫುಟ್‌ಬಾಲ್ ಮ್ಯಾಚಿನ ಜನರಿಂದ ರೈಲು ತುಂಬಿತ್ತು. ನನಗೆ ಮನೆಗೆ ಬಂದಷ್ಟು ಸಂತೋಷ. ನಮ್ಮ ಲೋಕಲ್ಲಿನ ನಿಯಮವೇ ಹಾಗೆ: ಕುಳಿತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಮೊದಲು ಕೇಳಿದವರಿಗೆ ಆ ಸೀಟು. ಟೋಪಿ ಹಾಕಿದ್ದ ವೃದ್ಧರೊಬ್ಬರನ್ನು ಕೇಳಿದೆ. ಅವರು ಸ್ಟೇಷನ್ನಿನ ಹೆಸರು ಹೇಳಿದರು.

"ಒಳ್ಳೆಯದು. ನಿಮ್ಮ ಹಿಂದೆ ನಾನೇ. ಬೇರೆ ಯಾರಿಗೂ ಮಾತು ಕೊಡಬೇಡಿ" ಎಂದೆ.

ಅವರ ಮುಖ ಕೆಂಪಾಯಿತು. ಸ್ಟೇಷನ್ ಬಂತು. ಅವರು ಎದ್ದು ಇಳಿದರು, ನಾನು ಕುಳಿತೆ. ಕಿಟಕಿಯಿಂದ ನೋಡಿದರೆ, ಪ್ಲಾಟ್‌ಫಾರಂನಲ್ಲಿ ಟೋಪಿ ತೆಗೆದು, ನನಗಾಗಿ ಕೈಚಾಚಿ ನಿಂತಿದ್ದಾರೆ! ರೈಲು ಹೊರಟಿತು.

೪. ಅಪವಾದ

ಚೌತಿಯ ಚಂದ್ರನನ್ನು ಕಂಡರೆ ಇಲ್ಲದ ಅಪವಾದ ಬರುತ್ತದೆ. ಆದ್ದರಿಂದ ಕತ್ತಲಾಗುವ ಮೊದಲೇ ಪರದೆ ಎಳೆದು, ಡೊಂಬಿವಲಿಯ ಅತ್ತಿಗೆಗೆ ಫೋನು ಮಾಡಿ ಎಲ್ಲ ಹೇಳಿದೆ. "ಎಂಥ ಮಾರಾಯ್ತಿ ನೀನು!" ಎಂದು ಅವರು ನಕ್ಕರು. ನಗುನಗುತ್ತಲೇ ಸೊಸೈಟಿಯ ಸೆಕ್ರೆಟರಿಯವರ ಹೆಂಡತಿಗೂ ಹೇಳಿದರು. ಚಂದ್ರನಿಗಿಂತ ಫೋನು ಅಪಾಯವೆಂದು ಯಾವ ಪುರಾಣದಲ್ಲೂ ಬರೆದಿಲ್ಲ.

ಮೊನ್ನೆ ನಾನು ಮರಳಿ ಬಂದ ದಿನ ಗೇಟಿನ ಬಳಿ ಹೆಂಗಸರೆಲ್ಲ ಕೂತಿದ್ದರು. ಬೆಳಗಾವಿ ಕಡೆಯ ಆ ಸೆಕ್ರೆಟರಿ ಪತ್ನಿ ನನ್ನ ಟ್ಯಾಕ್ಸಿಯೊಳಗೆ ಬಗ್ಗಿ ನೋಡಿ ಕೇಳಿದರು:

"ಅಹೋ ಮ್ಯಾಡಮ್, ಒಬ್ರ ಬಂದ್ರೇನ್ರೀ? ಆ ಟೋಪಿಯವರೆಲ್ಲಿ ಇಳದ್ರು?"

ವಾಚ್‌ಮನ್ ಕೂಡ ನಕ್ಕ.

ಥಾಣೆಯಲ್ಲಿ ಇಳಿಯುವಾಗ ನಾನು ಬಿಡುವ ಸೀಟನ್ನು ಈ ಮಹಾತಾಯಿ ವರ್ಷಗಟ್ಟಲೆ ಇದೇ ಪ್ರಶ್ನೆ ಕೇಳಿ ಪಡೆದಿದ್ದಾರೆ. ನಾನು ಒಮ್ಮೆಯೂ ಅಪಾರ್ಥ ಮಾಡಿಕೊಂಡಿಲ್ಲ.

ಬರುವ ಭಾನುವಾರದ ಸೊಸೈಟಿ ಮೀಟಿಂಗಿನಲ್ಲಿ, ಎಲ್ಲರೆದುರು ಎದ್ದು ನಿಂತು, ಅವರು ನನ್ನ ಕ್ಷಮೆ ಕೇಳಬೇಕು.