ರಮಾನಾಥನ ಸೋಮವಾರ

ಒಂದು ದಿನ ಅಂಗಡಿಯ ಬಾಗಿಲು ತೆರೆಯದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತದೆಂದು ಗೊತ್ತಿದ್ದರೆ, ರಮಾನಾಥ ಆ ಬಾಗಿಲನ್ನೇ ಕಿತ್ತು ಮನೆಗೆ ತಂದಿಟ್ಟುಕೊಳ್ಳುತ್ತಿದ್ದ.

ಘಾಟ್ಕೋಪರ್ ಸ್ಟೇಶನ್ನಿನ ಸುತ್ತ ಉಡುಪಿ ಕಡೆಯವರ ಹೋಟೆಲುಗಳು ಏಳು. ಅವುಗಳಲ್ಲಿ ತೀರ ಚಿಕ್ಕದು, ತೀರ ಹೊಸದು ರಮಾನಾಥನದು. ಹನ್ನೆರಡು ವರ್ಷ ಪೂವಪ್ಪ ಧಣಿಯ ಹೋಟೆಲಿನಲ್ಲಿ ದೋಸೆ ಹುಯ್ದು, “ಇನ್ನು ನನಗೆ ನಾನೇ ಧಣಿ” ಎಂದು ಅವನು ಸ್ವಂತ ಅಂಗಡಿ ಇಟ್ಟು ಆರು ತಿಂಗಳಾಗಿತ್ತು. ಮೊದಲು ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದವನು ಧಣಿಯಾದ ಮೇಲೆ ಮೂರಕ್ಕೆ ಏಳಬೇಕಾಯಿತು. ವ್ಯತ್ಯಾಸ ಅಷ್ಟೇ. ಹೆಂಡತಿ ವಾರಿಜಾ ಮುಂಬಯಿಗೆ ಬಂದು ಎರಡು ವರ್ಷವಾದರೂ ರಾಣಿಬಾಗ್ ಮೃಗಾಲಯದ ಆನೆಯನ್ನು ನೋಡಿರಲಿಲ್ಲ. ಗಂಡನನ್ನೇ ಸರಿಯಾಗಿ ನೋಡಿರಲಿಲ್ಲ, ಆನೆಯ ಮಾತು ಬಿಡಿ.

“ಗಾಣದೆತ್ತಿಗೂ ಒಂದು ದಿನ ನೊಗ ಇಳಿಸ್ತಾರೆ ಮಾರಾಯ್ತಿ. ಈ ಸೋಮವಾರ ರಜೆ!” ಎಂದು ರಮಾನಾಥ ಘೋಷಿಸಿದ. ಗಿರಾಕಿಗಳಿಗೆ ಮಾತ್ರ ಹೇಳಲಿಲ್ಲ. ನನ್ನ ಅಂಗಡಿ, ನನ್ನ ರಜೆ, ಊರಿಗೆಲ್ಲ ಡಂಗುರ ಯಾಕೆ ಎಂಬುದು ಅವನ ವಾದ.

ಅಲ್ಲೇ ಅವನು ಎಡವಿದ್ದು. ಸ್ಟೇಶನ್ನಿನ ಆ ಏಳು ಹೋಟೆಲುಗಳಲ್ಲಿ ಹಗಲು ಹೊತ್ತು ಬಾಗಿಲು ಹಾಕುವ ಪದ್ಧತಿಯೇ ಇರಲಿಲ್ಲ. ಹಾಕಿದರೆ ಒಂದೇ ಅರ್ಥ, ಧಣಿ ಹೋಗಿಬಿಟ್ಟ.

ಸೋಮವಾರ ಎಂಟು ಗಂಟೆಗೆ ವಾರಿಜಾ ಜರಿಯಂಚಿನ ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಬುತ್ತಿ ಕಟ್ಟುತ್ತಿದ್ದಳು. ಅವರಿದ್ದ ಬಾಡಿಗೆ ಚಾಳಿನ ಕೆಳಗಿನ ಖೋಲಿಯ ಗಂಗುಬಾಯಿ ಓಡಿಬಂದು ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು.

“ಅಯ್ಯ ನನ್ನವ್ವಾ! ಹ್ಯಾಂಗ ಆತಬೇ? ನಿನ್ನೆ ಸಂಜೀಕ ನಕ್ಕೋತ ಹೋಗಿದ್ನಲ್ಲs!”

“ಯಾರು?” ಎಂದು ರಮಾನಾಥ ತಲೆ ಬಾಚುತ್ತ ಒಳಗಿನಿಂದ ಬಂದ. ಗಂಗುಬಾಯಿ ಹಾಕಿದ ಕೂಗಿಗೆ ಮೂರೂ ಮಾಳಿಗೆಯ ಜನ ಸೇರಿದರು.

ಎಲ್ಲರ ಮುಂದೆ ಸಿದ್ದಲಿಂಗಪ್ಪ. ಧಾರವಾಡದ ಕಡೆಯ ಗುಮಾಸ್ತ, ಚಾಳಿನ ಸ್ವಯಂಘೋಷಿತ ಪಂಚ. ಬೆಳಿಗ್ಗೆ ಚಹಾಕ್ಕೆ ಹೋಗಿ, ಮುಚ್ಚಿದ ಬಾಗಿಲು ನೋಡಿ, ಸುದ್ದಿ ಹಬ್ಬಿಸಿದ ಪುಣ್ಯಾತ್ಮ ಅವನೇ.

“ಏನ್ರೀ ಇದು, ಜೀವಂತ ಇದ್ದೀರಿ?” ಎಂದ ಸಿದ್ದಲಿಂಗಪ್ಪ, ದೂರುವ ದನಿಯಲ್ಲಿ. “ನಿಮ್ಮ ಮಣ್ಣಿಗಂತ ನಾ ಅರ್ಧಾ ದಿನ ರಜಾ ಹಾಕೀನಿ!”

ಅಷ್ಟರಲ್ಲಿ ಮೆಟ್ಟಿಲು ನಡುಗಿತು. ಪೂವಪ್ಪ ಧಣಿ ಎರಡಾಳುದ್ದದ ಚೆಂಡುಹೂವಿನ ಹಾರ ಹಿಡಿದು ಬರುತ್ತಿದ್ದರು. ಹಿಂದೆ ಉಳಿದ ಐದು ಹೋಟೆಲುಗಳ ಧಣಿಗಳು, ಹೆಗಲು ಕೊಡಲು ಸಿದ್ಧರಾಗಿ, ಟವೆಲು ಹೊದ್ದು. ಬದುಕಿರುವ ರಮಾನಾಥನನ್ನು ಕಂಡು ಆರೂ ಜನ ತಬ್ಬಿಬ್ಬಾದರು.

“ಹಾರ ತಿರುಗಿ ಒಯ್ಯಬಾರದು,” ಎಂದರು ಪೂವಪ್ಪ ಧಣಿ, ಸ್ವಲ್ಪ ಯೋಚಿಸಿ. ರಮಾನಾಥನ ಕೊರಳಿಗೇ ಹಾಕಿದರು. ಹಾರ ಬಿದ್ದ ಮೇಲೆ ಭಾಷಣ ಬೇಡವೆ? ಸಿದ್ದಲಿಂಗಪ್ಪ ಅವನನ್ನು ಸ್ಟೂಲಿನ ಮೇಲೆ ಹತ್ತಿಸಿದ. “ಯಾಕ ಬಾಗಲಾ ಹಾಕಿದ್ರಿ, ಜನಕ್ಕ ಹೇಳ್ರಿ!”

ರಮಾನಾಥ ಹೆದರುವ ಆಸಾಮಿಯೇ ಅಲ್ಲ. “ಸತ್ತ ಮೇಲೆ ಹೇಗೂ ಮುಚ್ತೇವೆ. ಬದುಕಿದ್ದಾಗಲೇ ವಾರಕ್ಕೊಮ್ಮೆ ಮುಚ್ಚಿದ್ರೆ ಎಂತ ನಷ್ಟ? ರುಬ್ಬಿದ ಹಿಟ್ಟನ್ನೇ ರಾತ್ರಿಯಿಡೀ ಸುಮ್ಮನೆ ಇಡ್ತೇವೆ. ಆಗಲೇ ಅದು ಉಬ್ಬೋದು. ಹಿಟ್ಟಿಗೆ ಇರುವ ಬಿಡುವು ನಮಗೆ ಇಲ್ಲ ಅಂದ್ರೆ ಹೇಗೆ? ಮೂವತ್ತು ವರ್ಷ ನಡೆಯಬೇಕಾದ ಹೋಟೆಲಿಗೆ ಮೂವತ್ತು ವರ್ಷ ನಡೆಯುವ ಧಣಿಯೂ ಬೇಕು!”

ಚಪ್ಪಾಳೆಯೋ ಚಪ್ಪಾಳೆ. ಪೂವಪ್ಪ ಧಣಿ ಟವೆಲಿನಿಂದ ಕಣ್ಣೊರೆಸಿಕೊಂಡರು. “ಸತ್ಯ ಹೇಳ್ದೆ ಮಾರಾಯ. ನಾನು ನನ್ನ ಹೆಂಡತಿಯ ಮುಖ ಹಗಲಲ್ಲಿ ನೋಡಿ ಎಷ್ಟು ವರ್ಷ ಆಯ್ತೋ! ನಾನೂ ರಜೆ ಮಾಡ್ತೇನೆ.” “ನಾನೂ,” “ನಾನೂ,” ಎಂದರು ಐವರು. ರಮಾನಾಥನ ಎದೆ ಹಾರದ ಸಮೇತ ಉಬ್ಬಿತು. ಹನ್ನೆರಡು ವರ್ಷ ತನ್ನನ್ನು ಬೈದ ಧಣಿಗೆ ತಾನೇ ಬುದ್ಧಿ ಕಲಿಸಿದ್ದ.

“ತಡೀರಿ,” ಎಂದ ಸಿದ್ದಲಿಂಗಪ್ಪ. “ಏಳೂ ಒಂದs ದಿನ ಮುಚ್ಚಿದ್ರ ನಾವು ಚಹಾಕ್ಕ ಎಲ್ಲಿ ಹೋಗೂಣು? ದಿನಕ್ಕ ಒಂದು. ಹಿರೇರು ಮೊದಲು ಆರಿಸ್ಕೊಳ್ಳಿ.”

ನ್ಯಾಯವಾದ ಮಾತು. ಎಲ್ಲರೂ ಒಪ್ಪಿದರು. ಹಿರಿಯರಾದ ಪೂವಪ್ಪ ಧಣಿ, “ಸೋಮವಾರ, ಇವತ್ತಿಂದಲೇ!” ಎಂದರು. ಮಂಗಳವಾರ ಒಬ್ಬರಿಗೆ, ಬುಧವಾರ ಇನ್ನೊಬ್ಬರಿಗೆ, ಹೀಗೆ ಶನಿವಾರದವರೆಗೂ ಹೋಯಿತು.

“ಆಗಲಿ, ನನಗೆ ಭಾನುವಾರ,” ಎಂದ ರಮಾನಾಥ, ಇನ್ನೂ ಸ್ಟೂಲಿನ ಮೇಲೆಯೇ.

“ಭಾನುವಾರವಾ!” ಪೂವಪ್ಪ ಧಣಿ ಎದೆ ಹಿಡಿದುಕೊಂಡರು. “ಸಂಸಾರ ಸಮೇತ ಜನ ಬರುವ ದಿನ ಮಾರಾಯ! ಅವತ್ತು ಬಾಗಿಲು ಹಾಕಿದವ ಮತ್ತೆ ತೆರೆಯೋದಿಲ್ಲ. ನೀನು ನನ್ನ ಕೈಯಲ್ಲಿ ಕಲಿತವ, ಹಾಳಾಗ್ಲಿಕ್ಕೆ ನಾನು ಬಿಡೋದಿಲ್ಲ.”

ಧಣಿಯ ಈ ಅಂತಃಕರಣ ಕಂಡು ಚಾಳಿನವರ ಕಣ್ಣು ತುಂಬಿ ಬಂತು.

“ನಡೀರಿ ಇನ್ನ,” ಎಂದು ಸಿದ್ದಲಿಂಗಪ್ಪ ರಮಾನಾಥನ ಕೈ ಹಿಡಿದು ಸ್ಟೂಲಿನಿಂದ ಇಳಿಸಿದ. “ಪೂವಪ್ಪಣ್ಣನ ಗಿರಾಕಿಗಳೂ ಇವತ್ತ ನಿಮ್ಮ ಕಡೆನs ಬರ್ತಾರ. ಮೊದಲನೇ ಚಹಾ ನನಗ.”

ಪೂವಪ್ಪ ಧಣಿ ಮಾತ್ರ ಮಾತಿಗೆ ತಪ್ಪಲಿಲ್ಲ. ಹನ್ನೊಂದು ಗಂಟೆಗೇ ಹೆಂಡತಿಯನ್ನು ಹೊರಡಿಸಿ, “ಪಾಪ, ಇವಳನ್ನು ಯಾಕೆ ಬಿಡೋದು?” ಎಂದು ವಾರಿಜಾಳನ್ನೂ ರಾಣಿಬಾಗಿಗೆ ಕರೆದೊಯ್ದರು.

ಸಂಜೆ ಅವಳು ಕೆಂಪೇರಿದ ಮುಖ ಹೊತ್ತು ನೇರ ಅಂಗಡಿಗೇ ಬಂದಳು. ಪೂವಪ್ಪ ಧಣಿ ಕಳಿಸಿದ ಹಿಟ್ಟಿನಲ್ಲಿ ಎರಡು ಹೋಟೆಲುಗಳ ಗಿರಾಕಿಗಳಿಗೆ ದೋಸೆ ಹುಯ್ದ ರಮಾನಾಥ, ಮರುದಿನ ಬರುವ ಎರಡು ಹೋಟೆಲುಗಳ ಜನಕ್ಕೆ ಅಕ್ಕಿ ನೆನೆಹಾಕುತ್ತಿದ್ದ.

“ಆನೆ ನನ್ನ ಕೈಯಿಂದಲೇ ಬಾಳೆಹಣ್ಣು ತಿಂದಿತು!” ಎಂದಳು ವಾರಿಜಾ. “ನಾಳೆ ಮಂಗಳವಾರದ ಧಣಿಯ ಹೆಂಡತಿ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಕರೆದಿದ್ದಾರೆ. ನಾಡಿದ್ದು ಬುಧವಾರದವರು ಚೌಪಾಟಿ ಕಡಲಿಗೆ. ಆರೂ ಮನೆಯವರು ಕರೆದಿದ್ದಾರೆ, ಯಾರಿಗೂ ಇಲ್ಲ ಅನ್ಲಿಕ್ಕೆ ಆಗೋದಿಲ್ಲ ನೋಡಿ.”

ರಮಾನಾಥ ಅಕ್ಕಿಯ ಪಾತ್ರೆಯಿಂದ ತಲೆ ಎತ್ತಿದ. “ಭಾನುವಾರ ಆದರೂ ಅಂಗಡಿಗೆ ಬಂದು ಸ್ವಲ್ಪ ಕೈ ಹಚ್ತೀಯಾ?”

“ಭಾನುವಾರ ಹೇಗಾಗ್ತದೆ?” ಎಂದಳು ವಾರಿಜಾ. “ವಾರದಲ್ಲಿ ನನಗೆ ರಜೆ ಅಂತ ಇರೋದು ಅದೊಂದೇ ದಿನ.”