ವರ್ಷಕ್ಕೊಮ್ಮಿ ಮುದತ್ ಮುಗಿಯೋ ದೇವರು

ಎಲ್ಲಾರ ದೇವರಿಗೂ ಸಾವಿಲ್ಲ, ಮುಪ್ಪಿಲ್ಲ. ನಮ್ಮ ತಮ್ಮನ ದೇವರದು ಮಾತ್ರ ವರ್ಷಕ್ಕೊಮ್ಮಿ ಮುದತ್ ಮುಗೀತದ ನೋಡ್ರಿ! ಮ್ಯಾಲ ಆಫೀಸಿನ ಸಿಕ್ಕಾ ಬ್ಯಾರೆ ಹೊಡಿಸಬೇಕು.

ನಗಬ್ಯಾಡ್ರಿ, ಖರೇನೇ ಹೇಳ್ತೇನಿ. ಮೊನ್ನಿ ಮೊನ್ನಿ ಮೊಮ್ಮಗಳು ಈ ಫೋನಿನಾಗ ಕನ್ನಡ ಒತ್ತೋದು ಕಲಿಸ್ಯಾಳ. ಒಂದು ಒತ್ತಿದ್ರ ಇನ್ನೊಂದು ಬರ್ತದ. ಇರಲಿ, ತಮ್ಮನ ಮಾನ ಕಳೀಲಾಕ ಇಷ್ಟು ಕಲ್ತಿದ್ದು ಸಾಕು.

ನಾ ಬೀದರದಾಗ ಇರ್ತೇನಿ. ಅವ ಭಾಲ್ಕಿದಾಗ, ಬಸ್ ಸ್ಟ್ಯಾಂಡ್ ಬಾಜೂಕ ಮಿರ್ಚಿ ಭಜಿ ಅಂಗಡಿ ಇಟ್ಟಾನ. ಹೆಂಡತಿ ಹಿಟ್ಟು ಕಲಸ್ತಾಳ, ಇವ ಕರೀತಾನ. ಗ್ವಾಡಿ ಮ್ಯಾಲ ಗಣಪತಿ, ಲಕ್ಷ್ಮಿ, ಮೈಲಾರ ಮಲ್ಲಣ್ಣ ಸಾಲಾಗಿ ಕುಂತಾರ. ನಟ್ಟ ನಡುವ ಯಾರಂತೀರಿ? ಪುರಸಭಾದವರು ಕೊಟ್ಟ ಅಂಗಡಿ ಲೈಸನ್ಸು!

ಮುಂಜಾನಿ ಅವನ ಪೂಜಿ ನೋಡಬೇಕು ನೀವು. ಗಣಪತಿಗಿ ಒಂದು ಹೂವು, ಲಕ್ಷ್ಮಿಗಿ ಅದರಾಗಿಂದು ಅರ್ಧಾ. ಲೈಸನ್ಸಿಗಿ ಪೂರಾ ಹಾರ!

"ಏನೋ, ಗಣಪ್ಪಗ ಸಿಟ್ಟು ಬರಂಗಿಲ್ಲೇನು?" ಅಂದೆ.

"ಗಣಪ್ಪ ಸಿಟ್ಟಾದ್ರ ಒಂದು ಕಾಯಿ ಒಡೀತೇನಿ ಅಕ್ಕಾ. ಇದು ಇಲ್ಲಂದ್ರ ಅಂಗಡಿ ಬಂದ್. ಮತ್ತ ರಸ್ತಾದ ಮ್ಯಾಲ ಬಂಡಿ ದೂಡಬೇಕಾಗ್ತದ."

ಅವನ ಹೆಂಡತಿ ಹಿಟ್ಟಿನ ಕೈಲೇ ಎದ್ದು ಬಂದ್ಳು. "ನೋಡ್ರಿ ಅಕ್ಕಾ, ನನಗ ಒಂದು ಮಳ ಮಲ್ಲಿಗಿ ತಂದವರಲ್ಲ. ಆ ಕಾಗದಕ್ಕ ದಿನಾ ಹಾರ!"

"ನಿನಗ ರಿನಿವಲ್ ಇಲ್ಲಲ್ಲ, ಅದಕ್ಕ!" ಅಂದ ಇವ. ಆ ದಿನ ಅವನ ಅಂಗಿಗೂ ಕಡ್ಲಿ ಹಿಟ್ಟು ಬಿತ್ತು.

ಹೊಸಾ ಲೈಸನ್ಸ್ ಬಂದ ಮ್ಯಾಲ ಹಳೀದು ಏನ್ ಮಾಡೋದು? "ಹರಿದು ನಾಕು ಮಂದಿಗಿ ಭಜಿ ಕಟ್ಟಿ ಕೊಡೋ" ಅಂದೆ. ಅಷ್ಟಕ್ಕ ನನಗ ಭಜಿನೇ ಕೊಡಲಿಲ್ಲ ಪುಣ್ಯಾತ್ಮ! ಪೂಜಿ ಮಾಡಿದ್ದು ಕಸದಾಗ ಹಾಕಬಾರದಂತ. ಹೊಸಾ ಟವಲಿನಾಗ ಸುತ್ತಿ, ಗಣಪ್ಪನ್ನ ಕಳಿಸಿದಂಗ ಮಾಂಜ್ರಾ ನದಿಗಿ ಒಯ್ದ. ಕೈ ಮುಗಿದು ನೀರಾಗ ಬಿಟ್ಟ.

ಮುಳುಗಿದ್ರ ತಾನೇ! ಪ್ಲಾಸ್ಟಿಕ್ ಹಾಕ್ಸಿದ್ದ ಲೈಸನ್ಸು. ತೇಲಿಕೋತ ಹೋಗಿ ಆ ಕಡಿ ದಂಡಿಗಿ ಹತ್ತಿತು. ಅಲ್ಲಿ ಕುರಿ ನೀರಿಗಿ ಬಿಟ್ಟಿದ್ದ ಮುದುಕ ಒಬ್ಬ ಪಾಪ, ಧೋತರ ಕಟ್ಕೊಂಡು ನೀರಾಗ ಇಳಿದು, ಈಜಿಕೋತ ತಂದು ಕೊಟ್ಟ. "ಯಜಮಾನ್ರೇ, ನಿಮ್ಮ ಕಾಗದ ಬಿದ್ದಿತ್ತು ನೋಡ್ರಿ." ಇವ ಮತ್ತ ಬಿಟ್ಟ. ಅವ ಮತ್ತ ತಂದ. ಕಡೀಕ ಮುದುಕಗೇ ಬ್ಯಾಸರ ಬಂತು. "ನೀವು ಒಗೀಲಾಕ ಬಂದೀರೋ, ನಾ ಈಜೋದು ನೋಡ್ಲಾಕ ಬಂದೀರೋ?"

ಆವತ್ತೇ ತಮ್ಮ ನಿಶ್ಚಯ ಮಾಡಿದ. ಪ್ಲಾಸ್ಟಿಕ್ ಹಾಕ್ಸಿದ್ದೇ ತಪ್ಪು! ಹೊಸಾ ಲೈಸನ್ಸಿಗಿ ಪ್ಲಾಸ್ಟಿಕ್ಕೂ ಇಲ್ಲ, ಗ್ಲಾಸಿನ ಚೌಕಟ್ಟೂ ಇಲ್ಲ, ಬರೀ ಕಾಗದ. ಮ್ಯಾಲ ದಿನಾ ಮಲ್ಲಣ್ಣನ ಅರಿಶಿಣ ಭಂಡಾರ, ಅದರ ಮ್ಯಾಲ ಹಸಿ ಕುಂಕುಮ, ಎಲ್ಲಾ ಎಣ್ಣಿ ಕೈಲೇ! ದೀಪಾವಳಿ ಅನ್ನೋದ್ರಾಗ ಅದು ಲೈಸನ್ಸ್ ಹೋಗಿ ಹೋಳಿಗಿ ಆಗಿತ್ತು.

ಹಬ್ಬ ಮುಗಿಸಿ ನಾ ಅಲ್ಲೇ ಇದ್ದೆ. ಪುರಸಭಾದ ಮೇಡಂ ತಪಾಸಣಿಗಿ ಬಂದ್ರು. "ಲೈಸನ್ಸ್ ಎಲ್ಲದರಿ?"

ಇವ ಚಪ್ಪಲ್ ಬಿಟ್ಟು, ಕೈ ತೊಳ್ಕೊಂಡು ತೋರಿಸಿದ. ಮೇಡಂ ಚಷ್ಮಾ ತಗದ್ರು, ಹಾಕಿದ್ರು. "ಹೆಸರು ಎಲ್ಲದ? ತಾರೀಖು ಎಲ್ಲದ? ಆ ಕುಂಕುಮ ಜರಾ ಒರಸ್ರಿ."

"ದೇವರ ಮಾರಿ ಒರಸಲೇನ್ರಿ ಮೇಡಂ?"

"ದೇವರದಲ್ರಿ, ನಿಮ್ಮ ಅಂಗಡೀದು ಒರಸ್ರಿ."

ಹಸಿ ಬಟ್ಟಿ ತಗೊಂಡು ಒರಸಿದ. ಕುಂಕುಮದ ಜೋಡಿ ಅವನ ಹೆಸರೂ ಹೋಯ್ತು, ತಾರೀಖೂ ಹೋಯ್ತು! ಹೊಟ್ಟಿ ಹಿಡ್ಕೊಂಡು ನಕ್ಕೆ ನಾ. ಮೇಡಂ ತುಟಿಗೂ ಜರಾ ನಗಿ ಬಂತು, ಆದರ ಕೆಲಸ ಕೆಲಸಾನೇ. "ನಾಳಿ ಸಂಜಿತನಕ ಓದ್ಲಾಕ ಬರೋ ನಕಲು ತಂದು ಹಚ್ರಿ. ಇಲ್ಲಂದ್ರ ಅಂಗಡಿ ಬಂದ್ ಮಾಡಬೇಕಾಗ್ತದ."

ತಮ್ಮ ನಗಲಿಲ್ಲ. ಉರಿಯೋ ಒಲಿ ಆರಿಸಿಬಿಟ್ಟ. "ಗ್ವಾಡಿ ಮ್ಯಾಲ ಅದು ಇಲ್ಲದ ಒಲಿ ಹಚ್ಚಬ್ಯಾಡ" ಅಂತ ಹೆಂಡತಿಗಿ ಹೇಳಿ ಆಫೀಸಿಗಿ ಓಡಿದ. ಮರುದಿನ ಮತ್ತ ಹೋಗಿ ಮಧ್ಯಾಹ್ನ ಬಂದ. ನಕಲು ಸಿಕ್ಕಿತ್ತು. ಈ ಸಲ ಕಾಚಿನ ಚೌಕಟ್ಟು ಹಾಕ್ಸೇ ತಂದಿದ್ದ. ಚೌಕಟ್ಟು ಕಂಡಿದ್ದೇ ಅಕಿ ಒಲಿ ಹಚ್ಚಿ ಎಣ್ಣಿ ಇಟ್ಳು. ಇವ ಸ್ಟೂಲ್ ಹತ್ತಿ, ಬಾಯಾಗ ಮೊಳಿ ಕಚ್ಕೊಂಡು, ಹಚ್ಚಲಾಕ ನಿಂತ.

ಅಷ್ಟ್ರಾಗ ಹೊರಗ ಮೈಕಿನ ಆವಾಜ್. ಪುರಸಭಾದ, ರಸ್ತಾ ಖಾಲಿ ಮಾಡಸೋ ಗಾಡಿ! ಬಾಳಿಹಣ್ಣಿನ ಬಂಡಿ, ಶೇಂಗಾದ ಬಂಡಿ ಎಲ್ಲಾ ಸಂದಿಗಿ ಓಡಿದ್ವು. ನಾ ಅದನ್ನ ನೋಡಿಕೋತ ಕುಂತೀನಿ, ಹಿಂದ ಏನೋ ಖಣಖಣ ಅಂತು.

ತಮ್ಮನ ಹೆಂಡತಿ ಎದ್ದಿದ್ಳು. ಸೆರಗು ಸೊಂಟಕ್ಕ ಸಿಗಿಸಿ, ಎರಡೂ ಕೈಯಾಗ ಬಟ್ಟಿ ಹಿಡ್ಕೊಂಡು, ಎಣ್ಣಿ ಕಡಾಯಿ ಎತ್ಲಾಕ ಬಗ್ಗಿದ್ಳು. ಅಂಗಡಿ ಆಗೋಕಿಂತ ಮೊದಲು ಬಂಡಿ ಇದ್ದಾಗ ಹಂಗೇ ಓಡ್ತಿದ್ಳು. ಇವ ಬಂಡಿ ದೂಡೋದು, ಅಕಿ ಕಾಯ್ದ ಎಣ್ಣಿ ಹಿಡ್ಕೊಂಡು ಹಿಂದಿಂದ ಓಡೋದು. ಒಮ್ಮಿ ಎಡವಿ ಬಿದ್ದು ಬಲಗಾಲು ಮೊಣಕಾಲತನಕ ಸುಟ್ಟಿತ್ತು. ಈಗೂ ಆ ಕಾಲು ಎಳೆದೇ ನಡೀತಾಳ. ಲೈಸನ್ಸ್ ಬಂದು ಎಷ್ಟು ವರ್ಷ ಆದ್ರೂ ಕಾಲಿಗಿ ಖಬರೇ ಮುಟ್ಟಿದ್ದಿಲ್ಲ!

ತಮ್ಮ ಬಾಯಾಗಿನ ಮೊಳಿ ತಗದ. ಸ್ಟೂಲ್ ಮ್ಯಾಲಿಂದೇ ಅಂದ, "ಏ, ಯಾಕ ಏಳ್ತಿ? ಕುಂದ್ರು."

ಅಕಿ ಅವನ ಮಾರಿ ನೋಡಿದ್ಳು, ಕೈಯಾಗಿನ ಚೌಕಟ್ಟು ನೋಡಿದ್ಳು.

"ಕುಂದ್ರು ಅಂದ್ನೆಲ್ಲ. ನೀ ಇನ್ನ ಓಡೋದಿಲ್ಲ."

ಅಕಿ ಕುಂತ್ಳು. ಗಾಡಿ ಒದರಿಕೋತ ಅಂಗಡಿ ಮುಂದಿಂದ ಹೋಯ್ತು.

ಇವ ಮೊಳಿ ಹೊಡದು, ಚೌಕಟ್ಟು ಹಚ್ಚಿ, ಕೈ ಮುಗಿದು ಕೆಳಗ ಇಳಿದ. ನಾ ಎದ್ದೆ. ಈ ಮಂಡಿನೋವಿನಾಗ ಸ್ಟೂಲ್ ಹತ್ತಿ, ಒಂದು ಬಟ್ಟು ಕುಂಕುಮ ಹಚ್ಚಿದೆ. ಕಾಚಿನ ಮ್ಯಾಲೇ ಹಚ್ಚೀನಿ ಮತ್ತ, ತಾರೀಖು ಬಿಟ್ಟು, ಜರಾ ಬಾಜೂಕ.