ಕಂಬಳಿ ಹೊದ್ದು ಈಡು ಹೊಡೆದ ವರ್ಷ

ಗುಂಡು ತಪ್ಪಿದ ಗಂಡಸು ತನ್ನ ಕೈಯನ್ನು ದೂರಿದ್ದನ್ನು ನಾನು ಎಲ್ಲೂ ಕಂಡಿಲ್ಲ. ಕರಾಚಿಯಲ್ಲಿ ಗಾಳಿಯನ್ನು ಬೈದರು, ರಂಗೂನಿನಲ್ಲಿ ಬಿಸಿಲನ್ನು. ಕಾಶಿಯ ಆಚೆ ಒಬ್ಬ ಜಮೀನ್ದಾರರು ತಾವು ಕೂತಿದ್ದ ಆನೆಯನ್ನೇ ಬೈದರು. ಅಷ್ಟೂರು ತಿರುಗಿ ಸಿದ್ದಾಪುರ ಸೀಮೆಯ ತವರಿಗೆ ಬಂದರೆ, ನಮ್ಮಣ್ಣ ಕೋವಿಯ ಒಂದೊಂದೇ ಭಾಗವನ್ನು ಸರದಿಯಂತೆ ಬೈಯುತ್ತಿದ್ದ.

ಆದರೆ ನಗುವ ಕಾಲವಾಗಿರಲಿಲ್ಲ ಅದು. ನಿಲ್ಕುಂದದ ಕಾಡಂಚಿನ ನಮ್ಮ ಗದ್ದೆಯನ್ನು ಎರಡು ವರ್ಷ ಹಂದಿಗಳು ಉತ್ತು ಹಾಕಿ, ಮನೆಯಲ್ಲಿ ಹೊಸಕ್ಕಿ ಊಟವೇ ಆಗಿರಲಿಲ್ಲ. ಅಣ್ಣನ ಗುಂಡು ಹಂದಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆಗೂ ಹೋಗುತ್ತಿತ್ತು. ಒಂದಂತೂ ಪಕ್ಕದವರ ಕೊಟ್ಟಿಗೆಯ ಸೂರನ್ನೇ ಹೊಕ್ಕಿತು. ದೂರು ಸೀಮೆಯ ದೊಡ್ಡ ಅಧಿಕಾರಿ ಪ್ರಾಂತ ಸಾಹೇಬರ ತನಕ ಮುಟ್ಟಿ, ಹುಕುಂ ಬಂತು: ದೀಪಾವಳಿಗೆ ಮುಂಚೆ ಸಾಹೇಬರು ಸಿದ್ದಾಪುರಕ್ಕೆ ಮೊಕ್ಕಾಂ ಬಂದಾಗ, ಐವತ್ತು ಹೆಜ್ಜೆ ದೂರದ ಕುಂಬಳಕಾಯಿಗೆ ಮೂರು ಈಡಿನಲ್ಲಿ ಒಂದನ್ನಾದರೂ ತಾಗಿಸಬೇಕು. ಇಲ್ಲದಿದ್ದರೆ ಕೋವಿ ಕಚೇರಿಯಲ್ಲಿ ಜಮಾ. ಭತ್ತ ಹಾಲುಗಟ್ಟುವ ಹೊತ್ತಿಗೆ ಕೋವಿ ಹೋದರೆ ಮೂರನೆಯ ವರ್ಷದ ಫಸಲೂ ಹಂದಿಗೇ.

ಮರದ ಹಿಡಿ

ಕೋವಿ ರೈಫಲ್ಲು. ಯಲ್ಲಾಪುರದಲ್ಲಿ ನಿವೃತ್ತರಾದ ಅರಣ್ಯಾಧಿಕಾರಿಯೊಬ್ಬರಿಂದ ಕೊಂಡದ್ದು. ಅವರು ಆರಡಿಯ ಆಳು. ನಮ್ಮಣ್ಣ ಐದಡಿ, ಅದೂ ಜುಟ್ಟು ಸೇರಿಸಿ. ಭುಜಕ್ಕೆ ಒತ್ತುವ ಮರದ ಹಿಡಿ ಉದ್ದವಾಯಿತು, ಅದಕ್ಕೇ ಗುರಿ ನಿಲ್ಲುತ್ತಿಲ್ಲ ಎಂದು ಅವನು ಮನ್ಮನೆ ಊರಿನ ಆಚಾರಿಯನ್ನು ಕರೆಸಿದ. ಆಷಾಢದ ಜಡಿಮಳೆ. ಅಣ್ಣ ಮಡಚಿದ ಕಂಬಳಿ ಹೊದ್ದೇ ಅಳತೆ ಕೊಟ್ಟ. ಆಚಾರಿ ಅಳತೆ ತಪ್ಪದೆ ಕೊಯ್ದ.

ಭಾದ್ರಪದದಲ್ಲಿ ಮಳೆ ನಿಂತು ಹೊಳವಾಗಿ ಕಂಬಳಿ ಗೂಟಕ್ಕೆ ಹೋಯಿತು. ಬರಿಮೈಯ ಅಣ್ಣನಿಗೆ ಹಿಡಿ ಈಗ ಮೂರು ಬೆರಳು ಗಿಡ್ಡ. ಮೊದಲ ಈಡಿಗೇ ಕೋವಿ ಹಿಂದೆ ಒದ್ದು, ಅವನ ಹೆಬ್ಬೆರಳೇ ಅವನ ಮೂಗಿಗೆ ಬಡಿಯಿತು. ಕೋವಿಯನ್ನೂ ಮೂಗನ್ನೂ ಎತ್ತಿಕೊಂಡು ಶಿರಸಿಗೆ ಹೋದೆವು. ಅಲ್ಲಿ ಕೋವಿ ರಿಪೇರಿಯ ಸಾಬರು ಮಾತು ಕಡಿಮೆಯ ಮನುಷ್ಯ, ಅಜ್ಜನ ಕಾಲದ ಕಸುಬು. ಎರಡನ್ನೂ ತಿರುಗಿಸಿ ನೋಡಿ, "ಕೊಯ್ದ ಮರ ಬೆಳೆಯೂದಿಲ್ಲ ಹೆಗಡೇರೆ. ಕಂಬಳಿ ಹೊದ್ಕೊಳ್ಳಿ" ಅಂದರು.

ಮೈಗೆ ತಕ್ಕ ಅಂಗಿ ಹೊಲಿಯುವುದನ್ನು ಊರೂರಲ್ಲಿ ನೋಡಿದ್ದೇನೆ. ಕೋವಿಗೆ ತಕ್ಕಂತೆ ಮೈಯನ್ನು ದಪ್ಪ ಮಾಡಿದ್ದನ್ನು ನಮ್ಮ ಮನೆಯಲ್ಲಿ ಮಾತ್ರ.

ಕುದುರೆ

ಆಮೇಲೆ ಬೆರಳಲ್ಲಿ ಎಳೆಯುವ ಕುದುರೆಯ ಸರದಿ. ಅದು ವಿಪರೀತ ಬಿಗಿ. ಅಣ್ಣನಿಗೋ ಒಂದು ನೇಮ: ಜೀವ ತೆಗೆಯುವ ಪಾಪ ಅಂಟಬಾರದೆಂದು, ಕುದುರೆ ಎಳೆಯುತ್ತ ಮೂರು ಸಲ ಕೃಷ್ಣಾ ಅನ್ನುವುದು. ಮೊದಲ ಕೃಷ್ಣನಿಗೆ ನಳಿಗೆ ಹಂದಿಯ ಮೇಲಿರುತ್ತಿತ್ತು, ಎರಡನೆಯವನಿಗೆ ಬೇಲಿಯ ಮೇಲೆ. ಮೂರನೆಯವನು ಬರುವಷ್ಟರಲ್ಲಿ ಎಳೆತದ ಬಿರುಸಿಗೆ ಕೊಟ್ಟಿಗೆ ಕಡೆ ತಿರುಗಿರುತ್ತಿತ್ತು.

ಸಾಬರು ಅರ ಹಾಕಿ ಸಡಿಲು ಮಾಡಿದರು. ಈಗ ಮೊದಲ ಕೃಷ್ಣನಿಗೇ ಈಡು ಹಾರತೊಡಗಿತು. ನೇಮ ಕೆಟ್ಟಿತೆಂದು ಅಣ್ಣ ಮುಖ ಸಣ್ಣ ಮಾಡಿಕೊಂಡ. ಸಾಬರು ಅರ ಒರೆಸುತ್ತ ಸಮಾಧಾನ ಹೇಳಿದರು: "ದೇವ್ರು ಒಂದು ಸಲಕ್ಕೇ ಕೇಳ್ತಾನೆ ಹೆಗಡೇರೆ. ಮೂರನೇದಕ್ಕೆ ಹಂದಿ ನಿಲ್ಲೂದಿಲ್ಲ."

ನಳಿಗೆ

ಅದೇ ದಿನ ಸಾಬರು ನಳಿಗೆಯನ್ನು ಬೆಳಕಿಗೆ ಹಿಡಿದು ಇಣುಕಿದವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಒಳಗೆ ಯಾರಾದರೂ ಏನಾದರೂ ಮಾಡಿದ್ದಿದೆಯೋ ಎಂದು ಕೇಳಿದರು. ಮಾಡಿದ್ದವಳು ನಮ್ಮತ್ತಿಗೆ. ನಳಿಗೆಯೊಳಗೆ ಸುರುಳಿ ಸುರುಳಿ ಗೆರೆ ಕಂಡು, ಹಳೇ ಮಾಲು, ಗೀರು ಬಿದ್ದಿದೆ ಎಂದುಕೊಂಡು, ಹುಣಸೆಹಣ್ಣು ಇಟ್ಟಿಗೆ ಪುಡಿ ಹಚ್ಚಿ ಎರಡು ದಿನ ತಿಕ್ಕಿದ್ದಳು. ಆ ಗೆರೆಯಿಂದಲೇ ಗುಂಡು ಬುಗುರಿಯಂತೆ ಸುತ್ತಿ ನೆಟ್ಟಗೆ ಹೋಗುವುದು, ಅದು ಸವೆದರೆ ಕೋವಿ ಬರೀ ಕೊಳವೆ ಎಂದರು ಸಾಬರು. ಪುಣ್ಯಕ್ಕೆ ಸವೆದಿರಲಿಲ್ಲ.

ಮನೆಗೆ ಬಂದು ಇದನ್ನು ಹೇಳಿದರೆ ಅತ್ತಿಗೆಗೆ ಸಮಾಧಾನವೇ ಆಗಲಿಲ್ಲ. "ಆನು ತಿಕ್ಕಿದ್ರೂ ಹೋಗ್ದೇ ಉಳಿದದ್ದು ಅದೊಂದೇ" ಎಂದು ವಾರವಿಡೀ ಕೊರಗಿದಳು.

ಗುರಿ

ಆಯುಧಪೂಜೆಯಾಗಿ ಎಂಟು ದಿನಕ್ಕೆ ಸಾಹೇಬರ ಮೊಕ್ಕಾಂ ಬಂತು. ಬಯಲಿನ ತುದಿಯ ದಿಬ್ಬಕ್ಕೆ ಒರಗಿ ಕಡಿದ ಮರದ ಒಂದು ಕುಂಟೆ, ಅದರ ಮೇಲೆ ಕುಂಬಳಕಾಯಿ. ಒಡೆದದ್ದರ ಬದಲಿಗೆ ಇರಲೆಂದು ಅತ್ತಿಗೆ ಎರಡು ಕಾಯಿ ಕಳಿಸಿದ್ದಳು; ಆ ಧೈರ್ಯ ಇದ್ದದ್ದು ಅವಳೊಬ್ಬಳಿಗೇ. ತಮ್ಮ ಕೆಲಸದ ಮಾನ ನೋಡಲು ಸಾಬರೂ ಶಿರಸಿಯಿಂದ ಬಂದಿದ್ದರು.

ಅಣ್ಣ ಸುಡುಬಿಸಿಲಲ್ಲಿ ಕಂಬಳಿ ಹೊದ್ದು ನಿಂತ. ಕೃಷ್ಣಾ ಎಂದ. ಗುಂಡು ಕಾಯಿಯ ಮೇಲಿಂದ ಹೋಗಿ ದಿಬ್ಬದ ಮಣ್ಣು ಹಾರಿಸಿತು. ಎರಡನೆಯದೂ ಅಲ್ಲಿಗೇ. ಗುಮಾಸ್ತರು ಜಮಾ ಕಾಗದ ಬಿಚ್ಚತೊಡಗಿದರು. ನನಗೆ ತಡೆಯಲಿಲ್ಲ, ಹತ್ತಿರ ಹೋಗಿ ಕೇಳಿದೆ:

"ಅಣ್ಣಾ, ಎಂತ ನೋಡಿ ಗುರಿ ಹಿಡಿತೆ ನೀನು?"

"ಕುಂಕುಮ ನೋಡಿ."

ಕೋವಿ ಈಸಿಕೊಂಡು ನೋಡಿದೆ. ಕಣ್ಣ ಹತ್ತಿರದ ಗುರಿಪಟ್ಟಿಯಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ನಳಿಗೆಯ ತುದಿಯ ಮೊಳೆಯನ್ನು ಅದರೊಳಗೆ ಕೂರಿಸಿ ನೋಡಬೇಕು. ಅತ್ತಿಗೆ ಪೂಜೆಯ ದಿನ ಆ ಕಚ್ಚಿನ ಮೇಲೆಯೇ ಹೆಬ್ಬೆರಳ ಗಾತ್ರ ಗಂಧ ಮೆತ್ತಿ ಕುಂಕುಮ ಇಟ್ಟಿದ್ದಳು. ಅದು ಒಣಗಿ ಕಲ್ಲಾಗಿತ್ತು. ಅದರ ನೆತ್ತಿಯ ಮೇಲೆ ಮೊಳೆ ಕಾಣಬೇಕೆಂದರೆ ನಳಿಗೆ ಆಕಾಶ ನೋಡಲೇಬೇಕು.

"ಒರೆಸು ಮಾರಾಯ."

"ಒರೆಸಲಾಗ್ತಿಲ್ಲೆ. ದೇವಿ ಪ್ರಸಾದ. ಬಪ್ಪ ನವರಾತ್ರಿವರೆಗೆ ಇರವು."

ಮುಂದಿನ ನವರಾತ್ರಿ ಬರುವ ತನಕ, ಗದ್ದೆ ಹೋದರೂ ಒರೆಸುವವನಲ್ಲ ಅವನು. ಆಗ ಸಾಬರು ಮೆಲ್ಲಗೆ ಅಂದರು: "ಒರೆಸೂದು ಬೇಡ. ದೇವಿ ಎತ್ತಿದಷ್ಟು ನೀವು ಇಳಿಸಿ ಹೆಗಡೇರೆ. ಕಾಯಿ ಬಿಟ್ಟು ಕುಂಟೆ ಬುಡ ನೋಡಿ ಹೊಡೀರಿ."

ಅಣ್ಣ ಬುಡ ನೋಡಿ ಹೊಡೆದ. ಕುಂಬಳಕಾಯಿ ಎರಡು ಹೋಳಾಯಿತು.

ಸಾಹೇಬರಿಗೆ ಅದು ಕುರುಡು ಅದೃಷ್ಟವೆಂದು ಕಂಡಿತು. ಸಹಿ ಹಾಕುವ ಮುಂಚೆ, "ಇಲ್ಲೆ ಕೊಡ್ರಿ, ಕೋವಿ ಹ್ಯಾಂಗ ಅದ ನಾನ ನೋಡ್ತೀನಿ" ಎಂದು ಎದ್ದರು. ಎರಡನೆಯ ಕಾಯಿ ಇಡಿಸಿದರು. ಕುಂಕುಮಕ್ಕೆ ಭಕ್ತಿಯಿಂದ ಕೈಮುಗಿದು, ಕಾಯಿಗೇ ಸರಿಯಾಗಿ ಗುರಿ ಹಿಡಿದು, ಮೂರು ಈಡು ಹೊಡೆದರು. ಮೂರೂ ದಿಬ್ಬಕ್ಕೆ. ಬಯಲಲ್ಲಿ ಒಬ್ಬರೂ ಒಬ್ಬರ ಮುಖ ನೋಡಲಿಲ್ಲ. ಸಾಹೇಬರು ಕೋವಿಯನ್ನು ಮೇಲೆ ಕೆಳಗೆ ನೋಡಿ, "ಹಿಡಿ ಭಾಳ ಗಿಡ್ಡ ಆತ್ರಿ ಇದು" ಅಂದರು.

ಅಣ್ಣ ಬಹಳ ಗೌರವದಿಂದ ತನ್ನ ಕಂಬಳಿ ತೆಗೆದು ಅವರ ಮುಂದೆ ಹಿಡಿದ.

ಪರವಾನಗಿಗೆ ಸಹಿ ಅಲ್ಲಿಯೇ ಬಿತ್ತು. ಆ ವರ್ಷ ಅಣ್ಣ ಗೊರಸಿಗೆ ಗುರಿಯಿಟ್ಟು ಎರಡು ಹಂದಿ ಕೆಡವಿದ, ಮಿಕ್ಕವು ದಾರಿ ಬದಲಿಸಿದವು. ಮನೆಯಲ್ಲಿ ಹೊಸಕ್ಕಿ ಊಟವಾಯಿತು. ಅನ್ನಕ್ಕೆ ಅತ್ತಿಗೆ ಬಡಿಸಿದ್ದು, ಸರ್ಕಾರದ ಮೂರು ಗುಂಡಿಗೂ ಜಗ್ಗದೆ ಉಳಿದ ಆ ಕುಂಬಳಕಾಯಿಯ ಹುಳಿ.